ಸಿಲಿಕೋನ್ ಚಾಕೊಲೇಟ್ ಅಚ್ಚು

ಸಿಲಿಕೋನ್ ಚಾಕೊಲೇಟ್ ಅಚ್ಚು : ಕರಗಿದ ಚಾಕೊಲೇಟನ್ನು ಎರೆದು ಬೇಕಾದ ಆಕಾರದಲ್ಲಿ ಗಟ್ಟಿಗೊಳಿಸಲು, ಆಹಾರ ಸಂಪರ್ಕಕ್ಕೆ ಒಪ್ಪುವ ಸಿಲಿಕೋನ್ ರಬ್ಬರಿನಿಂದ ಮಾಡಿದ ಬಾಗುವ ಅಚ್ಚು. ಅಂಗಡಿಗಳಲ್ಲಿ ಸಿಗುವ ಸಿದ್ಧ ಅಚ್ಚುಗಳು ಹೆಚ್ಚಾಗಿ ಕಾರ್ಖಾನೆಗಳಲ್ಲಿ ಒತ್ತಡ ಮತ್ತು ಶಾಖದಿಂದ ತಯಾರಾಗುತ್ತವೆ. ಎರಡು ದ್ರವಭಾಗಗಳನ್ನು ಬೆರೆಸಿ ಒಂದು ಮಾದರಿಯ ಮೇಲೆ ಸುರಿದರೆ ಕೋಣೆಯ ಉಷ್ಣತೆಯಲ್ಲೇ ಕೆಲವು ಗಂಟೆಗಳಲ್ಲಿ ರಬ್ಬರಾಗುವ ಸಿಲಿಕೋನಿನಿಂದ ಇಂಥದೇ ಅಚ್ಚನ್ನು ಮನೆಯಲ್ಲೂ ಮಾಡಬಹುದು. ಮಗುವಿನ ಹೆಸರು, ಮದುವೆಯ ಮುದ್ರಿಕೆ, ಸಂಸ್ಥೆಯ ಚಿಹ್ನೆ, ಸಮುದ್ರದ ಚಿಪ್ಪು ಮೊದಲಾಗಿ ಅಂಗಡಿಯಲ್ಲಿ ಸಿಗದ ಆಕಾರಗಳಿಗೆ ಈ ವಿಧಾನ ಬಳಕೆಯಲ್ಲಿದೆ. ಈ ಲೇಖನ ಮನೆಯಲ್ಲಿ ತಯಾರಿಸುವ ಅಚ್ಚುಗಳಿಗೆ ಸೀಮಿತವಾಗಿದೆ.

ಪರಿಭಾಷೆ

ಯಾವ ವಸ್ತುವಿನ ರೂಪ ಬೇಕೋ ಅದು ಮಾದರಿ. ಮಾದರಿಯ ಉಬ್ಬುತಗ್ಗುಗಳನ್ನು ತಿರುವುಮುರುವಾಗಿ ಹಿಡಿದಿಟ್ಟ ಸಿಲಿಕೋನ್ ತುಂಡು ಅಚ್ಚು. ಅಚ್ಚಿನಿಂದ ಹೊರಬರುವ ಚಾಕೊಲೇಟ್ ಎರಕ. ಸಿಲಿಕೋನ್ ಹರಿದುಹೋಗದಂತೆ ಮಾದರಿಯ ಸುತ್ತ ಕಟ್ಟುವ ಗೋಡೆ ಚೌಕಟ್ಟು. ನೇರವಾಗಿ ಮೇಲಕ್ಕೆತ್ತಿದಾಗ ಅಚ್ಚಿಗೆ ಸಿಕ್ಕಿಕೊಳ್ಳುವಂತೆ ಒಳಸರಿದ ಭಾಗಕ್ಕೆ, ಉದಾಹರಣೆಗೆ ಆನೆಯ ಸೊಂಡಿಲ ಅಡಿಯ ಪೊಳ್ಳಿಗೆ, ಅಂಡರ್‌ಕಟ್ ಎಂದು ಹೆಸರು. ಎರಡು ಭಾಗಗಳನ್ನು ಬೆರೆಸಿದ ಕ್ಷಣದಿಂದ ಸಿಲಿಕೋನ್ ಸುರಿಯಲಾಗದಷ್ಟು ಮಂದವಾಗುವವರೆಗಿನ ಸಮಯ ಕೆಲಸದ ಅವಧಿ. ಮಾದರಿಯನ್ನು ಹೊರತೆಗೆಯುವಷ್ಟು ಗಟ್ಟಿಯಾಗಲು ಬೇಕಾದ ಸಮಯ ಬಿಡಿಸುವ ಅವಧಿ. ಗಟ್ಟಿಯಾದ ಅಚ್ಚನ್ನು ಮತ್ತೊಮ್ಮೆ ಓವನ್ನಿನಲ್ಲಿಟ್ಟು ಬಿಸಿಮಾಡುವುದಕ್ಕೆ ಇಲ್ಲಿ ಮರುಕಾಯಿಸುವಿಕೆ ಎಂಬ ಪದವನ್ನು ಬಳಸಿದೆ.

ಹಿನ್ನೆಲೆ

ಚಾಕೊಲೇಟ್ 19ನೆಯ ಶತಮಾನದ ಮಧ್ಯಭಾಗದವರೆಗೂ ಮುಖ್ಯವಾಗಿ ಕುಡಿಯುವ ಪದಾರ್ಥವಾಗಿತ್ತು. 1828ರಲ್ಲಿ ನೆದರ್ಲೆಂಡ್ಸಿನ ವ್ಯಾನ್ ಹೌಟನ್ ಮನೆತನ ಕೋಕೋ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಹೀಗೆ ಬಂದ ಹೆಚ್ಚುವರಿ ಕೋಕೋ ಬೆಣ್ಣೆಯನ್ನು ಕೋಕೋ ಮತ್ತು ಸಕ್ಕರೆಗೆ ಸೇರಿಸಿದಾಗ ಎರೆಯಲು ಬರುವ, ಆರಿದ ಮೇಲೆ ಗಟ್ಟಿಯಾಗುವ ಹದ ಸಿಕ್ಕಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪನಿ 1847ರಲ್ಲಿ ಅಚ್ಚಿನಲ್ಲಿ ಎರೆದ ತಿನ್ನುವ ಚಾಕೊಲೇಟನ್ನು ಮಾರಾಟಕ್ಕೆ ತಂದಿತು. 1873ರಲ್ಲಿ ಇದೇ ಕಂಪನಿ ಪೊಳ್ಳು ಚಾಕೊಲೇಟಿನ ಈಸ್ಟರ್ ಮೊಟ್ಟೆಯನ್ನೂ ಮಾಡಿತು. ಆ ಕಾಲದ ಅಚ್ಚುಗಳೆಲ್ಲ ಲೋಹದವು. ಪ್ಯಾರಿಸಿನಲ್ಲಿ 1832ರಲ್ಲಿ ಆರಂಭವಾದ ಲೆತಾಂಗ್ ಸಂಸ್ಥೆ ಮತ್ತು ಜರ್ಮನಿಯ ಡ್ರೆಸ್ಡನ್ ನಗರದಲ್ಲಿ 1870ರಲ್ಲಿ ಆರಂಭವಾದ ಆಂಟನ್ ರೈಶೆ ಸಂಸ್ಥೆ ತವರ ಲೇಪದ ತಗಡಿನ ಅಚ್ಚುಗಳಿಗೆ ಹೆಸರಾಗಿದ್ದವು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ರೂಪಿಸಿದ. ತಗಡಿನ ಅಚ್ಚುಗಳ ಜಾಗವನ್ನು ಮುಂದೆ ಹೆಚ್ಚಾಗಿ ಇದೇ ಪ್ಲಾಸ್ಟಿಕ್ ಹಿಡಿಯಿತು.

ಸಿಲಿಕೋನಿನ ಕಥೆ ಬೇರೆ ದಿಕ್ಕಿನಿಂದ ಬಂದದ್ದು. ನಾಟಿಂಗ್‌ಹ್ಯಾಮಿನ ರಸಾಯನವಿಜ್ಞಾನಿ ಫ್ರೆಡರಿಕ್ ಕಿಪ್ಪಿಂಗ್ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಸಿಲಿಕಾನ್ ಮತ್ತು ಕಾರ್ಬನ್ ಸೇರಿದ ಸಂಯುಕ್ತಗಳನ್ನು ಅಧ್ಯಯನ ಮಾಡುವಾಗ, ಹರಳಾಗದ ಅಂಟುಅಂಟಾದ ಪದಾರ್ಥಗಳು ಪದೇ ಪದೇ ಸಿಗುತ್ತಿದ್ದವು. ಅವುಗಳಿಂದ ಪ್ರಯೋಜನವಾದೀತೆಂದು ಆತ ಭಾವಿಸಲಿಲ್ಲ. ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಫ್ರ್ಯಾಂಕ್ಲಿನ್ ಹೈಡ್ 1930ರ ದಶಕದಲ್ಲಿ ಇದೇ ಅಂಟುಪದಾರ್ಥಗಳಲ್ಲಿ ಕೈಗಾರಿಕಾ ಮೌಲ್ಯವನ್ನು ಕಂಡ. 1940ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಕೋ ಅಗ್ಗದ ತಯಾರಿಕಾ ವಿಧಾನವನ್ನು ಕಂಡುಹಿಡಿದ. ಜರ್ಮನಿಯ ರಿಚರ್ಡ್ ಮ್ಯುಲ್ಲರ್ ಅದೇ ಹೊತ್ತಿಗೆ ಸ್ವತಂತ್ರವಾಗಿ ಅದೇ ವಿಧಾನವನ್ನು ಮುಟ್ಟಿದ. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಸ್ಥಾಪನೆಯಾಯಿತು. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಸಿಲಿಕೋನ್‌ಗಳು ಬಂದದ್ದು 1950ರ ದಶಕದಲ್ಲಿ. 1969ರಲ್ಲಿ ಚಂದ್ರನ ನೆಲವನ್ನು ಮೆಟ್ಟಿದ ಬೂಟುಗಳ ಅಟ್ಟೆಯೂ ಸಿಲಿಕೋನ್ ರಬ್ಬರಿನದೇ. ಅಡುಗೆಮನೆಗೆ ಈ ರಬ್ಬರು ಬಂದದ್ದು ಇನ್ನೂ ತಡವಾಗಿ, ಕೇಕ್ ಬೇಯಿಸುವ ತಟ್ಟೆಗಳ ರೂಪದಲ್ಲಿ.

ಅಚ್ಚಿನಲ್ಲಿ ಸಿಹಿ ಎರೆಯುವ ಪದ್ಧತಿ ಕರ್ನಾಟಕಕ್ಕೆ ಚಾಕೊಲೇಟಿಗಿಂತ ಹಳೆಯದು. ಹಳೆಯ ಮೈಸೂರು ಭಾಗದಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ಬೀರುವ ಸಕ್ಕರೆ ಅಚ್ಚನ್ನು ಮರದ ಅಚ್ಚುಗಳಲ್ಲಿ ಎರೆಯುತ್ತಾರೆ. ನೀರಿನಲ್ಲಿ ನೆನೆಸಿದ ಮರದ ಹೋಳುಗಳನ್ನು ಒಂದಕ್ಕೊಂದು ಜೋಡಿಸಿ ಬಿಗಿದು ಕಟ್ಟಿ, ಬಾಯಿಯಿಂದ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಕಟ್ಟು ಬಿಚ್ಚುವುದು ಕ್ರಮ. ಮರ ಬಾಗದ ಕಾರಣ ಈ ಅಚ್ಚುಗಳ ಬಾತುಕೋಳಿ, ಗಿಳಿ, ಗೋಪುರಗಳಿಗೆ ಅಂಡರ್‌ಕಟ್ ಇರುವಂತಿಲ್ಲ. ಹೋಳು ಬೇರ್ಪಡುವ ಗೆರೆಯ ಎರಡೂ ಬದಿಗೆ ಆಕಾರ ಇಳಿಜಾರಾಗಿಯೇ ಇರಬೇಕು. ತಗಡು ಮತ್ತು ಪಾಲಿಕಾರ್ಬೊನೇಟ್ ಅಚ್ಚುಗಳಿಗೂ ಇದೇ ಕಟ್ಟುಪಾಡು. ಸಿಲಿಕೋನ್ ಈ ಕಟ್ಟುಪಾಡನ್ನು ಬಹುಮಟ್ಟಿಗೆ ಸಡಿಲಿಸಿತು.

ರಚನೆ ಮತ್ತು ಗಟ್ಟಿಗೊಳ್ಳುವ ಬಗೆ

ಸಿಲಿಕೋನಿನ ಅಣು ಸರಪಳಿಯ ಬೆನ್ನೆಲುಬಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಬರುತ್ತವೆ; ಸಿಲಿಕಾನಿಗೆ ಅಂಟಿಕೊಂಡು ಮೀಥೈಲ್ ಗುಂಪುಗಳಿರುತ್ತವೆ. ಈ ಬಂಧ ಬಲವಾದದ್ದರಿಂದ ಸಿಲಿಕೋನ್ ರಬ್ಬರು ಸುಮಾರು 200° ಸೆ.ವರೆಗೆ ಕೆಡದೆ ನಿಲ್ಲುತ್ತದೆ. ಫ್ರೀಜರಿನ ಚಳಿಯಲ್ಲೂ ಅದು ಬಿರುಸಾಗುವುದಿಲ್ಲ. ಹೊರಮುಖದಲ್ಲಿರುವ ಮೀಥೈಲ್ ಗುಂಪುಗಳಿಂದಾಗಿ ಅದಕ್ಕೆ ಬೇರೆ ವಸ್ತುಗಳು ಸುಲಭವಾಗಿ ಅಂಟುವುದಿಲ್ಲ. ಗಟ್ಟಿಯಾದ ರಬ್ಬರು ಸುಲಭವಾಗಿ ಹರಿಯದಿರಲೆಂದು ದ್ರವ ಸಿಲಿಕೋನಿಗೆ ಅತಿ ನುಣ್ಣನೆಯ ಸಿಲಿಕಾ ಪುಡಿಯನ್ನು ತಯಾರಕರು ಮೊದಲೇ ಸೇರಿಸಿರುತ್ತಾರೆ.

ದ್ರವದ ಸರಪಳಿಗಳು ಅಡ್ಡಡ್ಡಲಾಗಿ ಹೆಣೆದುಕೊಂಡಾಗ ರಬ್ಬರು ಆಗುತ್ತದೆ. ಎರಡು ಭಾಗಗಳನ್ನು ಬೆರೆಸುವ ಸಿಲಿಕೋನಿನಲ್ಲಿ ಈ ಹೆಣಿಗೆ ಎರಡು ಬಗೆಯಲ್ಲಿ ನಡೆಯುತ್ತದೆ. ತವರದ ಸಂಯುಕ್ತವನ್ನು ಕ್ರಿಯಾವರ್ಧಕವಾಗಿ ಬಳಸುವ ಸಂಘನನ ಕ್ರಿಯೆಯಲ್ಲಿ ಆಲ್ಕೊಹಾಲಿನಂಥ ಉಪೋತ್ಪನ್ನ ಹೊರಬಿದ್ದು ಆವಿಯಾಗುತ್ತದೆ. ಅಷ್ಟರಮಟ್ಟಿಗೆ ಅಚ್ಚು ಕುಗ್ಗುತ್ತದೆ, ವರ್ಷಗಳು ಕಳೆದಂತೆ ಬಿರುಸಾಗುತ್ತದೆ. ಪ್ಲಾಟಿನಂ ಸಂಯುಕ್ತವನ್ನು ಬಳಸುವ ಸಂಕಲನ ಕ್ರಿಯೆಯಲ್ಲಿ ಉಪೋತ್ಪನ್ನವೇ ಇಲ್ಲ. ಕುಗ್ಗುವಿಕೆ ಸಾಮಾನ್ಯವಾಗಿ ಶೇ. 0.1ಕ್ಕಿಂತ ಕಡಿಮೆ. ತವರದ ಸಾವಯವ ಸಂಯುಕ್ತಗಳು ವಿಷಕಾರಿಯಾದ್ದರಿಂದ ತವರ ಬಗೆಯ ಸಿಲಿಕೋನನ್ನು ಮೇಣದ ಬತ್ತಿ, ಪ್ಲಾಸ್ಟರ್ ಬೊಂಬೆ, ರಾಳದ ಆಭರಣಗಳ ಅಚ್ಚಿಗೆ ಬಳಸುತ್ತಾರೆ. ಚಾಕೊಲೇಟಿಗೆ ಪ್ಲಾಟಿನಂ ಬಗೆ ಮಾತ್ರ ತಕ್ಕದ್ದು. ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಸಿಗುತ್ತವೆ, ತವರದ್ದು ಸಾಮಾನ್ಯವಾಗಿ ಅಗ್ಗ. ಡಬ್ಬಿಯ ಮೇಲಿನ ಬಣ್ಣದಿಂದ ಅವುಗಳನ್ನು ಗುರುತಿಸಲಾಗದು, ತಾಂತ್ರಿಕ ವಿವರಪತ್ರವನ್ನೇ ಓದಬೇಕು.

ಬಚ್ಚಲುಮನೆಯ ಸಂದು ಮುಚ್ಚುವ, ವಿನೆಗರ್ ವಾಸನೆಯ ಟ್ಯೂಬಿನ ಸಿಲಿಕೋನ್ ಮೂರನೆಯ ಬಗೆ. ಅದು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಅದನ್ನು ಮೆಕ್ಕೆಜೋಳದ ಪಿಷ್ಟದೊಡನೆ ನಾದಿ ಅಥವಾ ಸಾಬೂನು ನೀರಿನಲ್ಲಿ ಹಿಸುಕಿ ಅಗ್ಗದ ಅಚ್ಚು ಮಾಡುವ ವಿಧಾನ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ಬಚ್ಚಲುಮನೆಗೆಂದು ಮಾಡಿದ ಇಂಥ ಟ್ಯೂಬುಗಳಲ್ಲಿ ಬೂಷ್ಟು ತಡೆಯುವ ರಾಸಾಯನಿಕಗಳಿರುವುದರಿಂದ ಈ ಅಚ್ಚು ಆಹಾರಕ್ಕೆ ಸಲ್ಲದು.

ಮನೆಯ ಕೆಲಸಕ್ಕೆ ಸಿಲಿಕೋನನ್ನು ಆರಿಸುವಾಗ ಗಮನಿಸುವ ಅಳತೆಗಳು ಮುಖ್ಯವಾಗಿ ಎರಡು. ಒಂದು ಗಡಸುತನ, ಇದನ್ನು ಶೋರ್ ಎ ಮಾನದಲ್ಲಿ ಹೇಳುತ್ತಾರೆ. ಚಾಕೊಲೇಟಿಗೆ 20ರಿಂದ 40ರ ನಡುವಿನ ಗಡಸುತನ ಹೊಂದುತ್ತದೆ. ಅದಕ್ಕಿಂತ ಮೆತ್ತಗಿನ ಅಚ್ಚು ಚಾಕೊಲೇಟಿನ ಭಾರಕ್ಕೆ ಹೊರಉಬ್ಬುತ್ತದೆ. ಹೆಚ್ಚು ಗಡುಸಾದದ್ದರಿಂದ ತೆಳ್ಳಗಿನ ಎರಕವನ್ನು ಮುರಿಯದೆ ಬಿಡಿಸುವುದು ಕಷ್ಟ. ಇನ್ನೊಂದು ಸ್ನಿಗ್ಧತೆ. ಜೇನುತುಪ್ಪದಷ್ಟು ಅಥವಾ ಅದಕ್ಕಿಂತ ತೆಳುವಾಗಿ ಹರಿಯುವ ಸಿಲಿಕೋನಿನಿಂದ ಗಾಳಿಗುಳ್ಳೆಗಳು ತಾವಾಗಿ ಮೇಲೆದ್ದು ಒಡೆಯುತ್ತವೆ. ಮಂದವಾದದ್ದಕ್ಕೆ ನಿರ್ವಾತ ಪಂಪು ಬೇಕಾಗುತ್ತದೆ.

ಆಹಾರ ಸುರಕ್ಷತೆ

ಆಹಾರ ಸಂಪರ್ಕದ ರಬ್ಬರಿಗೆ ಸಂಬಂಧಿಸಿ ವ್ಯಾಪಾರದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಮಾನದಂಡಗಳು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ 177.2600 ಹಾಗೂ ಜರ್ಮನಿಯ ಅಪಾಯ ಅಂದಾಜು ಸಂಸ್ಥೆಯ 15ನೆಯ ಶಿಫಾರಸು. ಅಮೆರಿಕದ ನಿಯಮ ಮತ್ತೆ ಮತ್ತೆ ಬಳಸುವ ರಬ್ಬರು ವಸ್ತುಗಳಿಗೆ ಸಂಬಂಧಿಸಿದ್ದು. ನೀರಿನಂಶದ ಆಹಾರಕ್ಕೆ ಬಳಸುವ ರಬ್ಬರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿದಾಗ ಮೊದಲ 7 ಗಂಟೆಗಳಲ್ಲಿ ಚದರ ಅಂಗುಲಕ್ಕೆ 20 ಮಿಲಿಗ್ರಾಂ, ನಂತರದ 2 ಗಂಟೆಗಳಲ್ಲಿ 1 ಮಿಲಿಗ್ರಾಂ ಮೀರಿ ಪದಾರ್ಥ ಬಿಡಬಾರದು. ಕೊಬ್ಬಿನ ಆಹಾರಕ್ಕೆ ಬಳಸುವುದನ್ನು ಹೆಕ್ಸೇನಿನಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿನ ಮಿತಿ ಕ್ರಮವಾಗಿ 175 ಮತ್ತು 4 ಮಿಲಿಗ್ರಾಂ. ಮೊದಲ ಗಂಟೆಗಳಿಗೂ ನಂತರದ ಗಂಟೆಗಳಿಗೂ ಇರುವ ಈ ಅಂತರ, ಹೊಸ ರಬ್ಬರು ಆರಂಭದಲ್ಲಿ ಹೆಚ್ಚು ಬಿಟ್ಟು ಆಮೇಲೆ ತಣಿಯುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು. ಜರ್ಮನಿಯ ಶಿಫಾರಸು 200° ಸೆ.ನಲ್ಲಿ 4 ಗಂಟೆ ಕಾಯಿಸಿದಾಗ ಆವಿಯಾಗುವ ಅಂಶ ಶೇ. 0.5ನ್ನು ಮೀರಬಾರದೆನ್ನುತ್ತದೆ.

ಹೀಗೆ ಬಿಡುಗಡೆಯಾಗುವುದು ಹೆಚ್ಚಾಗಿ ಹೆಣಿಗೆಗೆ ಸೇರದೆ ಉಳಿದ ಚಿಕ್ಕ ಸಿಲಾಕ್ಸೇನ್ ಅಣುಗಳು. ಅವು ನೀರಿಗಿಂತ ಕೊಬ್ಬಿಗೆ, ಚಳಿಗಿಂತ ಬಿಸಿಯಲ್ಲಿ, ಹೆಚ್ಚಾಗಿ ಹರಿಯುತ್ತವೆ. ಡಿ4, ಡಿ5, ಡಿ6 ಎಂದು ಕರೆಯುವ ಉಂಗುರಾಕಾರದ ಸಿಲಾಕ್ಸೇನ್‌ಗಳನ್ನು ಯೂರೋಪಿನ ರಾಸಾಯನಿಕ ಸಂಸ್ಥೆ 2018ರಲ್ಲಿ ಹೆಚ್ಚಿನ ಕಾಳಜಿಯ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಚಾಕೊಲೇಟಿನಲ್ಲಿ ಕೊಬ್ಬು ಹೇರಳವಾಗಿದೆ, ಆದರೆ ಅದನ್ನು ಅಚ್ಚಿಗೆ ಎರೆಯುವುದು ದೇಹದ ಉಷ್ಣತೆಗಿಂತ ಕಡಿಮೆ ಬಿಸಿಯಲ್ಲಿ, ಗಟ್ಟಿಯಾಗುವುದು ನಿಮಿಷಗಳಲ್ಲಿ. ಈ ಕಾರಣದಿಂದ ಓವನ್ನಿನಲ್ಲಿ 180° ಸೆ.ನಲ್ಲಿ ಬೇಯುವ ಕೇಕಿನ ತಟ್ಟೆಗಿಂತ ಚಾಕೊಲೇಟ್ ಅಚ್ಚು ಹಗುರವಾದ ಬಳಕೆ.

ಡಬ್ಬಿಯ ಮೇಲಿನ ಆಹಾರ ದರ್ಜೆಯ ಮುದ್ರೆ ಹೇಳುವುದು ತಯಾರಕರು ತಿಳಿಸಿದ ಪ್ರಮಾಣದಲ್ಲಿ ಬೆರೆಸಿ, ತಿಳಿಸಿದಂತೆ ಕಾಯಿಸಿದ ಸಿಲಿಕೋನಿನ ವಿಷಯ ಮಾತ್ರ. ಮನೆಯಲ್ಲಿ ಅದಕ್ಕೆ ಬಣ್ಣ ಬೆರೆಸಿದರೆ, ತೆಳುಮಾಡುವ ಎಣ್ಣೆ ಹಾಕಿದರೆ, ಬಣ್ಣ ಬಳಿದ ಬೊಂಬೆಯನ್ನು ಮಾದರಿಯಾಗಿಟ್ಟರೆ, ರಾಳ ಎರೆದ ಅಚ್ಚನ್ನೇ ಚಾಕೊಲೇಟಿಗೂ ಬಳಸಿದರೆ ಆ ಮುದ್ರೆಗೆ ಅರ್ಥವುಳಿಯುವುದಿಲ್ಲ. ಮನೆಯ ಅಚ್ಚಿನ ಸುರಕ್ಷತೆ ಆದ್ದರಿಂದ ಮಾದರಿಯ ಆಯ್ಕೆಯಿಂದ ಕೊನೆಯ ತೊಳೆಯುವಿಕೆಯವರೆಗಿನ ಇಡೀ ಕ್ರಮಕ್ಕೆ ಸೇರಿದ್ದು. ಅಚ್ಚನ್ನು ತಿರುಚಿದಾಗ ಬೆಳ್ಳಗಾದರೆ ಕಲಬೆರಕೆ ಎಂದು ಹೇಳುವ ಪರೀಕ್ಷೆ ಜನಪ್ರಿಯವಾಗಿದ್ದರೂ, ಸಿಲಿಕಾದಂಥ ಪುಡಿ ಒಳ್ಳೆಯ ಸಿಲಿಕೋನಿನಲ್ಲೂ ಇರುವುದರಿಂದ ಅದು ಖಚಿತ ಪರೀಕ್ಷೆಯಲ್ಲ.

ಮಾದರಿ

ಸಿಲಿಕೋನ್ ಬೆರಳ ಗುರುತನ್ನೂ ಬಿಡದೆ ಹಿಡಿಯುತ್ತದೆ. ಮಾದರಿಯ ಮೇಲಿನ ಗೀರು, ಧೂಳಿನ ಕಣ, ಮರಳುಕಾಗದದ ಗೆರೆ ಎಲ್ಲವೂ ಅಚ್ಚಿಗೂ ಮುಂದೆ ಪ್ರತಿಯೊಂದು ಚಾಕೊಲೇಟಿಗೂ ಇಳಿಯುತ್ತವೆ. ಹೊಳಪಿನ ವಿಷಯವೂ ಹಾಗೆಯೇ: ಗಾಜು ಅಥವಾ ಉಜ್ಜಿ ಹೊಳಪಿಸಿದ ಅಕ್ರಿಲಿಕ್ ಮಾದರಿಯಿಂದ ಹೊಳೆಯುವ ಚಾಕೊಲೇಟ್, ಮಂಕು ಮಾದರಿಯಿಂದ ಮಂಕು ಚಾಕೊಲೇಟ್.

ಗಾಜು, ಸ್ಟೇನ್‌ಲೆಸ್ ಸ್ಟೀಲ್, ಮೆರುಗು ಕೊಟ್ಟ ಪಿಂಗಾಣಿ, ತೊಳೆದ ಚಿಪ್ಪು, ಸಕ್ಕರೆ ಹಿಟ್ಟಿನಿಂದ ತಿದ್ದಿ ಒಣಗಿಸಿದ ಆಕೃತಿ ಒಳ್ಳೆಯ ಮಾದರಿಗಳು. ಜೇಡಿಯಲ್ಲಿ ತಿದ್ದುವುದಾದರೆ ಗಂಧಕವಿಲ್ಲದ್ದೆಂದು ನಮೂದಿಸಿದ ಎಣ್ಣೆಜೇಡಿಯನ್ನೇ ಆರಿಸಬೇಕು. ಮರ, ಪ್ಲಾಸ್ಟರ್, ಕಲ್ಲಿನಂಥ ರಂಧ್ರಮಯ ವಸ್ತುಗಳ ಒಳಗೆ ಸಿಲಿಕೋನ್ ಇಳಿದು ಕಚ್ಚಿಕೊಳ್ಳುತ್ತದೆ. ಅವುಗಳಿಗೆ ಅರಗಿನ ಮೆರುಗಿನಂಥ ಲೇಪ ಕೊಟ್ಟು ರಂಧ್ರ ಮುಚ್ಚಬೇಕು. ಸಿಲಿಕೋನ್ ಅಂಟದ ವಸ್ತು ಎಂದರೂ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಬಿಡಿಸಲಾರದಂತೆ ಅಂಟುತ್ತದೆ.

ಅಕ್ಷರ ಮತ್ತು ಚಿಹ್ನೆಗಳಿಗೆ ಮೂರು ಆಯಾಮದ ಮುದ್ರಣ ಈಗ ಸಾಮಾನ್ಯ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ಕಟ್ಟುವ ಮುದ್ರಕದಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಮಾದರಿ ಪ್ಲಾಟಿನಂ ಸಿಲಿಕೋನಿಗೆ ತೊಂದರೆ ಕೊಡುವುದಿಲ್ಲ. ಪದರದ ಗೆರೆಗಳನ್ನು ಮಾತ್ರ ಉಜ್ಜಿ ತೆಗೆಯಬೇಕಾಗುತ್ತದೆ. ಬೆಳಕಿನಿಂದ ಗಟ್ಟಿಯಾಗುವ ರಾಳದ ಮುದ್ರಕ ನುಣುಪಾದ ಮಾದರಿ ಕೊಡುತ್ತದಾದರೂ ಅದರ ರಾಳ ಸಿಲಿಕೋನನ್ನು ಗಟ್ಟಿಯಾಗಗೊಡದಿರುವುದು ಸಾಮಾನ್ಯ. ಕನ್ನಡ ಅಕ್ಷರಗಳಿಗೆ ಇಲ್ಲೊಂದು ವಿಶೇಷ ಎಚ್ಚರ ಬೇಕು: ಒತ್ತಕ್ಷರ, ಕೊಂಬು ಮತ್ತು ತಲೆಕಟ್ಟಿನ ಸಣ್ಣ ಕುತ್ತಿಗೆಗಳು 2 ಮಿಮೀಗಿಂತ ತೆಳುವಾದರೆ ಚಾಕೊಲೇಟ್ ಅಚ್ಚಿನಿಂದ ಬಿಡುವಾಗ ಅಲ್ಲೇ ಮುರಿಯುತ್ತದೆ. ಬಿಡಿ ಅಕ್ಷರಗಳಿಗಿಂತ ಒಂದು ಬಿಲ್ಲೆಯ ಮೇಲೆ ಉಬ್ಬಿದ ಅಕ್ಷರಗಳು ಹೆಚ್ಚು ಬಾಳುತ್ತವೆ.

ಅಚ್ಚಿನ ಬಗೆಗಳು

ಹಿಂಬದಿ ಚಪ್ಪಟೆಯಾದ ಆಕಾರಗಳಿಗೆ ಒಂದೇ ತುಂಡಿನ ತೆರೆದ ಅಚ್ಚು ಸಾಕು. ಮನೆಯ ಅಚ್ಚುಗಳಲ್ಲಿ ಬಹುಪಾಲು ಇಂಥವೇ. ಎಲ್ಲ ಕಡೆಯೂ ರೂಪವಿರುವ ಗೊಂಬೆಗೆ ಎರಡು ಹೋಳಿನ ಅಚ್ಚು ಬೇಕು. ಮಾದರಿಯನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು, ಜೇಡಿಯ ಮೇಲ್ಮೈಯಲ್ಲಿ ಅಲ್ಲಲ್ಲಿ ಗುಳಿಗಳನ್ನೊತ್ತಿ ಮೊದಲ ಹೋಳನ್ನು ಎರೆಯುತ್ತಾರೆ. ಅದು ಗಟ್ಟಿಯಾದ ಮೇಲೆ ಜೇಡಿಯನ್ನು ತೆಗೆದು, ಸಿಲಿಕೋನಿನ ಮುಖಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಎರಡನೆಯ ಹೋಳನ್ನು ಎರೆಯುತ್ತಾರೆ. ಗುಳಿಗಳ ಜಾಗದಲ್ಲಿ ಮೂಡಿದ ಗೂಟಗಳು ಎರಡು ಹೋಳುಗಳು ಸರಿಯಾಗಿ ಕೂರುವಂತೆ ನೋಡಿಕೊಳ್ಳುತ್ತವೆ. ಇದಕ್ಕೆ ಬದಲಾಗಿ ಇಡೀ ಮಾದರಿಯನ್ನು ಒಂದೇ ಗಟ್ಟಿಯಲ್ಲಿ ಮುಳುಗಿಸಿ, ಆಮೇಲೆ ಹರಿತವಾದ ಅಲಗಿನಿಂದ ಒಂದು ಬದಿಯನ್ನು ಅಂಕುಡೊಂಕಾಗಿ ಸೀಳಿ ಮಾದರಿಯನ್ನು ಹೊರತೆಗೆಯುವುದೂ ಉಂಟು.

ನಾದುವ ಬಗೆಯ ಸಿಲಿಕೋನಿನಲ್ಲಿ ಎರಡು ಬಣ್ಣದ ಉಂಡೆಗಳನ್ನು ಸಮಪ್ರಮಾಣದಲ್ಲಿ, ಬಣ್ಣ ಒಂದಾಗುವವರೆಗೆ ಕೈಯಲ್ಲಿ ಮಿದ್ದು ಮಾದರಿಯ ಮೇಲೆ ಒತ್ತುತ್ತಾರೆ. ಗುಂಡಿ, ಪದಕ, ನಾಣ್ಯದಂಥ ಚಿಕ್ಕ ವಸ್ತುಗಳಿಗೆ ಇದು ಸುಲಭ, ಚೌಕಟ್ಟೂ ಬೇಡ.

ತಯಾರಿಕೆ

ಮಾದರಿಯನ್ನು ನಯವಾದ ಹಲಗೆ ಅಥವಾ ಗಾಜಿನ ಮೇಲೆ ಅಡಿಯಲ್ಲಿ ಸಂದು ಬಿಡದಂತೆ ಅಂಟಿಸಿ, ಸುತ್ತ ಸುಮಾರು 1 ಸೆಂಮೀ ಜಾಗ ಬಿಟ್ಟು ಚೌಕಟ್ಟನ್ನು ಕಟ್ಟಬೇಕು. ಅಕ್ರಿಲಿಕ್ ಪಟ್ಟಿ, ಪ್ಲಾಸ್ಟಿಕ್ ಡಬ್ಬಿಯ ಗೋಡೆ, ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳು ಇದಕ್ಕೆ ಆಗುತ್ತವೆ. ಸಂದುಗಳನ್ನು ಗ್ಲೂ ಗನ್ನಿನ ಅಂಟಿನಿಂದ ಮುಚ್ಚುತ್ತಾರೆ. ಸಿಲಿಕೋನ್ ಕೂದಲೆಳೆಯ ಸಂದಿನಲ್ಲೂ ಗಂಟೆಗಟ್ಟಲೆ ಸೋರುವುದರಿಂದ ಮೊದಲು ನೀರು ತುಂಬಿ ನೋಡುವುದು ವಾಡಿಕೆ. ಅದೇ ನೀರನ್ನು ಅಳೆದರೆ ಬೇಕಾದ ಸಿಲಿಕೋನಿನ ಗಾತ್ರವೂ ತಿಳಿಯುತ್ತದೆ. ನೀರು ತಾಗಬಾರದ ಮಾದರಿಗೆ ಅಕ್ಕಿ ತುಂಬಿ ಅಳೆಯಬಹುದು. ಲೆಕ್ಕದಿಂದ ಹೇಳುವುದಾದರೆ, ಒಳ ಅಳತೆ 10 ಸೆಂಮೀ ಉದ್ದ, 8 ಸೆಂಮೀ ಅಗಲ, 3 ಸೆಂಮೀ ಎತ್ತರದ ಚೌಕಟ್ಟಿನ ಗಾತ್ರ 240 ಮಿಲೀ. ಮಾದರಿ 60 ಮಿಲೀ ಜಾಗ ಹಿಡಿದರೆ ಉಳಿಯುವುದು 180 ಮಿಲೀ. ಸಿಲಿಕೋನಿನ ಸಾಂದ್ರತೆ 1.15 ಎಂದಿಟ್ಟುಕೊಂಡರೆ ಬೇಕಾದ ತೂಕ 207 ಗ್ರಾಂ. 10:1 ಪ್ರಮಾಣದ ಸಿಲಿಕೋನಾದರೆ ಮೊದಲ ಭಾಗ ಸುಮಾರು 188 ಗ್ರಾಂ, ಎರಡನೆಯದು 19 ಗ್ರಾಂ.

ತೂಕ ತಪ್ಪಿದರೆ ಹೆಣಿಗೆ ಅಪೂರ್ಣವಾಗಿ, ಗಟ್ಟಿಯಾದಂತೆ ಕಂಡರೂ ಬಿಡಿ ಅಣುಗಳು ಒಳಗೆ ಉಳಿಯುತ್ತವೆ. ಆದ್ದರಿಂದ 1 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೂಗುವ ಯಂತ್ರ ಅಗತ್ಯ. ಚಮಚದ ಅಂದಾಜು ಸಾಲದು. ಬೆರೆಸುವಾಗ ಲೋಟದ ಗೋಡೆ ಮತ್ತು ತಳವನ್ನು ಕೆರೆದು ಕೆರೆದು ಕಲಸಬೇಕು. ಅಂಚಿಗೆ ಅಂಟಿ ಬೆರೆಯದೆ ಉಳಿದದ್ದು ಅಚ್ಚಿನಲ್ಲಿ ಜಿಗುಟು ಕಲೆಯಾಗುತ್ತದೆ. ಇದನ್ನು ತಪ್ಪಿಸಲು ಕಲಸಿದ್ದನ್ನು ಎರಡನೆಯ ಶುಭ್ರ ಲೋಟಕ್ಕೆ ಬಗ್ಗಿಸಿ ಮತ್ತೊಮ್ಮೆ ಕಲಸುತ್ತಾರೆ. ನಿರ್ವಾತ ಪಂಪು ಇದ್ದರೆ ಕಲಸಿದ ಸಿಲಿಕೋನನ್ನು ಅದಕ್ಕೆ ಜೋಡಿಸಿದ ಮುಚ್ಚಿದ ಕೋಶದೊಳಗಿಡಬಹುದು. ಅದು ಮೂರು ನಾಲ್ಕು ಪಟ್ಟು ಉಕ್ಕಿ ಆಮೇಲೆ ಕುಸಿಯುವುದರಿಂದ ಪಾತ್ರೆ ದೊಡ್ಡದಿರಬೇಕು. ಪಂಪಿಲ್ಲದವರು ಮಾದರಿಯ ಮೇಲ್ಮೈಗೆ ಮೊದಲು ಕುಂಚದಿಂದ ತೆಳು ಪದರ ಹಚ್ಚಿ, ಉಳಿದದ್ದನ್ನು ಎತ್ತರದಿಂದ ನೂಲಿನಂಥ ಧಾರೆಯಾಗಿ ಚೌಕಟ್ಟಿನ ಒಂದು ಮೂಲೆಗೆ ಹೊಯ್ಯುತ್ತಾರೆ. ಸಿಲಿಕೋನ್ ತಾನಾಗಿ ಹರಿದು ಮಾದರಿಯ ಮೇಲೇರಿದಂತೆ ಗಾಳಿ ಮುಂದಕ್ಕೆ ತಳ್ಳಿಹೋಗುತ್ತದೆ. ಮಾದರಿಯ ನೆತ್ತಿಯ ಮೇಲೆ ಸುಮಾರು 1 ಸೆಂಮೀ ದಪ್ಪ ನಿಲ್ಲುವವರೆಗೆ ಸುರಿಯಬೇಕು.

ವಿವರಪತ್ರಗಳಲ್ಲಿ ಕೊಡುವ ಅವಧಿಗಳು ಸಾಮಾನ್ಯವಾಗಿ 23° ಸೆ.ಗೆ ಸಂಬಂಧಿಸಿದವು. ಉಷ್ಣತೆ ಏರಿದಂತೆ ಪ್ಲಾಟಿನಂ ಸಿಲಿಕೋನ್ ಬೇಗ ಗಟ್ಟಿಯಾಗುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 30 ನಿಮಿಷವೆಂದು ಬರೆದ ಕೆಲಸದ ಅವಧಿ ಅರ್ಧಕ್ಕೂ ಕೆಳಗಿಳಿಯಬಹುದು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಬಿಡಿಸುವ ಅವಧಿ ಲಂಬಿಸುತ್ತದೆ. ಬಿಸಿಯೂರುಗಳಲ್ಲಿ ಎರಡೂ ಭಾಗಗಳನ್ನು ಬೆರೆಸುವ ಮುನ್ನ ತಂಪಾದೆಡೆ ಇಟ್ಟಿರುವುದು ಉಪಾಯ.

ಮಾದರಿಯನ್ನು ತೆಗೆದ ಮೇಲೆ ಚೂಪಾದ ಅಂಚುಗಳನ್ನು ಕತ್ತರಿಸಿ ಅಚ್ಚನ್ನು ಮರುಕಾಯಿಸುತ್ತಾರೆ. ಹಲವು ತಯಾರಕರು ಸೂಚಿಸುವುದು 80° ಸೆ.ನಲ್ಲಿ 2 ಗಂಟೆ, ನಂತರ 100° ಸೆ.ನಲ್ಲಿ 1 ಗಂಟೆ. ಇದರಿಂದ ಉಳಿದ ಹೆಣಿಗೆ ಪೂರ್ತಿಯಾಗಿ, ಆವಿಯಾಗುವ ಅಂಶ ಹೊರಟುಹೋಗುತ್ತದೆ. ಓವನ್ನಿನಲ್ಲಿ ಆಗ ಬೇರೆ ಆಹಾರ ಇರಬಾರದು, ಕಿಟಕಿ ತೆರೆದಿರಬೇಕು. ಬಳಿಕ ಪಾತ್ರೆ ತೊಳೆಯುವ ಸೌಮ್ಯ ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು ಒಣಗಿಸಿ, ಮೊದಲ ಎರಕವನ್ನು ತಿನ್ನದೆ ಎಸೆಯುತ್ತಾರೆ. ಮೇಲ್ಮೈಯಲ್ಲಿ ಏನಾದರೂ ಉಳಿದಿದ್ದರೆ ಆ ಎರಕದ ಕೊಬ್ಬು ಅದನ್ನು ಹೀರಿಕೊಂಡು ಬರುತ್ತದೆ.

ಗಟ್ಟಿಯಾಗದಿರುವಿಕೆ

ಪ್ಲಾಟಿನಂ ಕ್ರಿಯಾವರ್ಧಕ ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಕೆಲವು ಪದಾರ್ಥಗಳು ಸೋಕಿದರೆ ಕೆಲಸ ನಿಲ್ಲಿಸುತ್ತದೆ. ಗಂಧಕ, ಅಮೀನ್‌ಗಳು, ತವರದ ಸಂಯುಕ್ತಗಳು ಇವುಗಳಲ್ಲಿ ಮುಖ್ಯ. ಗಂಧಕವಿರುವ ಎಣ್ಣೆಜೇಡಿ, ಲ್ಯಾಟೆಕ್ಸ್ ಕೈಗವಸು, ಹಿಂದೆ ತವರ ಬಗೆಯ ಸಿಲಿಕೋನ್ ಕಲಸಿದ್ದ ಲೋಟ, ಬೆಳಕಿನಿಂದ ಗಟ್ಟಿಯಾದ ರಾಳ ಇವೆಲ್ಲ ಅವುಗಳ ಮೂಲಗಳು. ಸೋಂಕಿನ ಗುರುತು ಸ್ಪಷ್ಟ: ಅಚ್ಚಿನ ಹೊರಭಾಗ ಗಟ್ಟಿಯಾಗಿ, ಮಾದರಿಗೆ ತಾಗಿದ ಮುಖ ಮಾತ್ರ ಜಿಗುಟಾಗಿ ಉಳಿಯುತ್ತದೆ. ಅಂಥ ಅಚ್ಚನ್ನು ಕಾಯಿಸಿ ಸರಿಪಡಿಸಲು ಬರುವುದಿಲ್ಲ, ಚಾಕೊಲೇಟಿಗೆ ಬಳಸಲೂ ಬಾರದು. ಇಡೀ ಅಚ್ಚು ಜಿಗುಟಾಗಿದ್ದರೆ ದೋಷ ತೂಕದಲ್ಲಿ ಅಥವಾ ಕಲಸುವಿಕೆಯಲ್ಲಿದೆ. ಹೊಸ ಮಾದರಿಯ ಕಾಣದ ಭಾಗದ ಮೇಲೆ ಒಂದು ಹನಿ ಹಾಕಿ ನೋಡುವುದು ಅಗ್ಗದ ಮುನ್ನೆಚ್ಚರಿಕೆ. ಕೈಗವಸು ಬೇಕಿದ್ದರೆ ವಿನೈಲಿನದನ್ನು ಬಳಸಬೇಕು.

ಚಾಕೊಲೇಟ್ ಎರೆಯುವಿಕೆ

ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲುದು. ಹೊಳಪು, ಮುರಿದಾಗ ಟಕ್ಕೆನ್ನುವ ಗಟ್ಟಿತನ ಬರುವುದು ಸುಮಾರು 34° ಸೆ.ನಲ್ಲಿ ಕರಗುವ ಐದನೆಯ ಬಗೆಯಿಂದ. ಟೆಂಪರಿಂಗ್ ಎಂಬ ಕ್ರಮದ ಉದ್ದೇಶ ಈ ಬಗೆಯನ್ನೇ ಪಡೆಯುವುದು: ಕಪ್ಪು ಚಾಕೊಲೇಟನ್ನು 45ರಿಂದ 50° ಸೆ.ಗೆ ಕರಗಿಸಿ, ಕೈಯಾಡುತ್ತ 27–28° ಸೆ.ಗೆ ಇಳಿಸಿ, ಮತ್ತೆ 31–32° ಸೆ.ಗೆ ಏರಿಸಿ ಎರೆಯುತ್ತಾರೆ. ಹಾಲಿನ ಚಾಕೊಲೇಟಿಗೆ ಕೊನೆಯ ಉಷ್ಣತೆ 29–30° ಸೆ. ಹೀಗೆ ಹದಗೊಂಡ ಚಾಕೊಲೇಟ್ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ. ಪಾಲಿಕಾರ್ಬೊನೇಟ್ ಅಚ್ಚಿನಿಂದ ಎರಕ ತಾನಾಗಿ ಕಳಚುವುದು ಈ ಕುಗ್ಗುವಿಕೆಯಿಂದಲೇ. ಸಿಲಿಕೋನ್ ಅಚ್ಚನ್ನು ಹೊರಕ್ಕೆ ಮಡಿಸಿ ಎರಕವನ್ನು ಬಿಡಿಸುವುದರಿಂದ ಹದ ತಪ್ಪಿದ ಚಾಕೊಲೇಟೂ ಅದರಿಂದ ಹೊರಬರುತ್ತದೆ. ಆದರೆ ಹೊಳಪಿನ ಕೊರತೆ ಮತ್ತು ಬಿಳಿ ಪೊರೆ ಬರುವುದನ್ನು ಸಿಲಿಕೋನ್ ತಪ್ಪಿಸಲಾರದು. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಹಾಕಿದ, ವ್ಯಾಪಾರದಲ್ಲಿ ಕಾಂಪೌಂಡ್ ಎಂದು ಕರೆಯುವ ಗಟ್ಟಿಗೆ ಟೆಂಪರಿಂಗ್ ಬೇಕಿಲ್ಲ; ಮನೆಯಲ್ಲಿ ಚಾಕೊಲೇಟ್ ಮಾಡುವವರಲ್ಲಿ ಅದರ ಬಳಕೆ ವ್ಯಾಪಕ.

ಅಚ್ಚು ಪೂರ್ತಿ ಒಣಗಿರಬೇಕು, ಏಕೆಂದರೆ ಒಂದು ಹನಿ ನೀರಿಗೂ ಕರಗಿದ ಚಾಕೊಲೇಟ್ ಗಂಟುಕಟ್ಟುತ್ತದೆ. ತುಂಬಿದ ಮೆತ್ತನೆಯ ಅಚ್ಚನ್ನು ಎತ್ತಿದರೆ ಬಳುಕಿ ಚಾಕೊಲೇಟ್ ಚೆಲ್ಲುವ ಕಾರಣ ಅದನ್ನು ಮೊದಲೇ ತಟ್ಟೆಯ ಮೇಲಿಟ್ಟು ತುಂಬಿ, ತಟ್ಟೆಯನ್ನು ಮೆಲ್ಲಗೆ ಕುಟ್ಟಿ ಗಾಳಿ ಹೊರಡಿಸುತ್ತಾರೆ. ಸಿಲಿಕೋನ್ ಶಾಖವನ್ನು ಬೇಗ ಸಾಗಿಸುವುದಿಲ್ಲ. ಹರಳುಗಟ್ಟುವಾಗ ಹೊರಬೀಳುವ ಗುಪ್ತೋಷ್ಣ ದಪ್ಪ ಗೋಡೆಯ ಅಚ್ಚಿನಲ್ಲಿ ಸಿಕ್ಕಿಕೊಂಡರೆ ನಡುಭಾಗದ ಹದ ಕೆಡುತ್ತದೆ. ಆದ್ದರಿಂದ ಎರೆದ ಮೇಲೆ 10–15 ನಿಮಿಷ ಫ್ರಿಜ್ಜಿನಲ್ಲಿಡುವ ರೂಢಿಯಿದೆ. ಕರಾವಳಿಯ ತೇವದ ಗಾಳಿಯಲ್ಲಿ ಫ್ರಿಜ್ಜಿನಿಂದ ತೆಗೆದೊಡನೆ ಚಾಕೊಲೇಟಿನ ಮೇಲೆ ನೀರು ಬೆವರುತ್ತದೆ, ಅದು ಸಕ್ಕರೆಯನ್ನು ಕರಗಿಸಿ ಒಣಗಿದಾಗ ಬೂದು ಮಚ್ಚೆ ಉಳಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು ಕೋಣೆಯ ಉಷ್ಣತೆಗೆ ತಂದ ಮೇಲೆ ತೆರೆದರೆ ಇದು ತಪ್ಪುತ್ತದೆ.

ಪುದೀನ ಎಣ್ಣೆಯಂಥ ಸುಗಂಧಗಳನ್ನು ಸಿಲಿಕೋನ್ ಹೀರಿಕೊಂಡು ಮುಂದಿನ ಎರಕಕ್ಕೆ ಬಿಡುತ್ತದೆ. ಅಂಥವಕ್ಕೆ ಪ್ರತ್ಯೇಕ ಅಚ್ಚು ಮೀಸಲಿಡುತ್ತಾರೆ. ಕಡಲೆಕಾಯಿ, ಬಾದಾಮಿ ತಾಗಿದ ಅಚ್ಚನ್ನು ಅವುಗಳ ಅಲರ್ಜಿ ಇರುವವರ ಚಾಕೊಲೇಟಿಗೆ ಬಳಸಬಾರದು.

ಇತರ ಅಚ್ಚುಗಳು

ಪಾಲಿಕಾರ್ಬೊನೇಟ್ ಕೊಡುವ ಕನ್ನಡಿಯಂಥ ಹೊಳಪು ಸಿಲಿಕೋನಿನಿಂದ ಸಿಗುವುದು ಕಷ್ಟ. ಅಚ್ಚಿಗೆ ಮೊದಲು ಬಣ್ಣದ ಕೋಕೋ ಬೆಣ್ಣೆ ಬಳಿದು, ಚಾಕೊಲೇಟ್ ತುಂಬಿ ಬೋರಲು ಹಾಕಿ ತೆಳು ಚಿಪ್ಪು ಮಾಡುವ ವೃತ್ತಿಪರರ ಕೆಲಸಕ್ಕೂ ಗಡುಸಾದ ಅಚ್ಚೇ ಅನುಕೂಲ. ಬಿಸಿಮಾಡಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಾದರಿಯ ಮೇಲೆ ನಿರ್ವಾತದಿಂದ ಎಳೆದು ಅಚ್ಚು ಮಾಡುವ ಮೇಜುಯಂತ್ರಗಳೂ ಬಂದಿವೆ. ಅಚ್ಚು ನಿಮಿಷಗಳಲ್ಲಿ ಸಿದ್ಧವಾಗುತ್ತದೆ, ಅಂಡರ್‌ಕಟ್ ಮಾತ್ರ ಆಗದು. ಜೆಲಟಿನ್ ಮತ್ತು ಗ್ಲೂಕೋಸ್ ಪಾಕದಿಂದ ಮಾಡಿದ, ಮತ್ತೆ ಕರಗಿಸಬಹುದಾದ ತಾತ್ಕಾಲಿಕ ಅಚ್ಚುಗಳು ಒಂದೆರಡು ಎರಕಕ್ಕೆ ಸಾಕಾಗುತ್ತವೆ.

ಆಕಾರದ ಹಕ್ಕು

ಬೇರೆಯವರ ಚಾಕೊಲೇಟನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆಯುವುದು ತಾಂತ್ರಿಕವಾಗಿ ಸುಲಭ. ಮಾರಾಟದ ಮಾತು ಬಂದಾಗ ವ್ಯಾಪಾರಚಿಹ್ನೆಯ ಕಾನೂನು ಅಡ್ಡಬರಬಹುದು. ಕಿಟ್‌ಕ್ಯಾಟಿನ ನಾಲ್ಕು ಬೆರಳಿನ ಆಕಾರದ ನೋಂದಣಿಯ ವಿಷಯ 2018ರಲ್ಲಿ ಯೂರೋಪಿನ ನ್ಯಾಯಾಲಯದವರೆಗೆ ಹೋಗಿತ್ತು. 2022ರಲ್ಲಿ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಲಿಂಟ್ ಕಂಪನಿಯ ಕುಳಿತ ಮೊಲವನ್ನು ಹೋಲುವ ಚಾಕೊಲೇಟ್ ಮೊಲಗಳನ್ನು ಮಾರದಂತೆ ಲಿಡ್ಲ್ ಮಳಿಗೆಗಳನ್ನು ತಡೆಯಿತು. ಸಿನಿಮಾ ಮತ್ತು ಕಾರ್ಟೂನ್ ಪಾತ್ರಗಳ ಆಕೃತಿಗಳಿಗೂ ಹಕ್ಕುದಾರರಿರುತ್ತಾರೆ.

ಇಂದಿನ ಸ್ಥಿತಿ

ಚಿಕ್ಕ ಪ್ರಮಾಣದ ಪ್ಲಾಟಿನಂ ಸಿಲಿಕೋನ್ ಡಬ್ಬಿಗಳು ಈಗ ಭಾರತದಲ್ಲಿ ಬೇಕಿಂಗ್ ಸಾಮಗ್ರಿಯ ಅಂಗಡಿಗಳಲ್ಲೂ ಅಂತರಜಾಲದ ಮಳಿಗೆಗಳಲ್ಲೂ ಸಿಗುತ್ತವೆ. ಕರ್ನಾಟಕದಲ್ಲಿ ಚಾಕೊಲೇಟಿಗೆ ಬೇರು ಇರುವುದು ಎರಡು ಕಡೆ. ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ ಕೋಕೋ ಉಪಬೆಳೆಯಾಗಿದ್ದು, 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಮಡಿಕೇರಿ ಮತ್ತು ಸುತ್ತಮುತ್ತ ಪ್ರವಾಸಿಗರಿಗೆಂದು ಮಾಡುವ ಮನೆ ಚಾಕೊಲೇಟ್ ಒಂದು ಸಣ್ಣ ಉದ್ಯಮವಾಗಿ ಬೆಳೆದಿದೆ. ಮನೆಯಲ್ಲಿ ಮಾಡಿ ಮಾರುವವರೂ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಅಂಥವರು ಅಚ್ಚಿಗೆ ಬಳಸಿದ ಸಿಲಿಕೋನಿನ ವಿವರಪತ್ರ, ಬ್ಯಾಚ್ ಸಂಖ್ಯೆ ಮತ್ತು ಅಚ್ಚು ಎರೆದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಮೇಲ್ಮೈ ಜಿಗುಟಾದ, ಅಂಚು ಹರಿದ ಅಥವಾ ತೊಳೆದರೂ ವಾಸನೆ ಬಿಡದ ಅಚ್ಚನ್ನು ಬಳಕೆಯಿಂದ ತೆಗೆಯಲಾಗುತ್ತದೆ. ಹೆಣೆದುಕೊಂಡ ಸಿಲಿಕೋನ್ ಮತ್ತೆ ಕರಗದ ಕಾರಣ ಹಳೆಯ ಅಚ್ಚನ್ನು ಕರಗಿಸಿ ಹೊಸದನ್ನು ಮಾಡಲಾಗದು. ಅದನ್ನು ಸಣ್ಣಗೆ ಕತ್ತರಿಸಿ, ಹೊಸ ಅಚ್ಚಿನ ಹಿಂಬದಿಯಲ್ಲಿ ಚಾಕೊಲೇಟ್ ತಾಗದ ಕಡೆ ತುಂಬಿ ಸಿಲಿಕೋನ್ ಉಳಿಸುವ ರೂಢಿ ಅಚ್ಚು ಮಾಡುವವರಲ್ಲಿದೆ.